ಅಂಟಿನ ಕೆಳಗಿನ ಹೆಸರು

ಇಂಡಿ
ಬುಧವಾರ, 22 ಜುಲೈ 1998

ಪ್ರೀತಿಯ ಅಬ್ಬಾ ಅವರಿಗೆ, ನಿಮ್ಮ ಮಗ ಅಬ್ದುಲರಜಾಕನ ಸಲಾಂ.

ಕಣ್ಣು ಹೇಗಿದೆ? ಡಾಕ್ಟರು ಕೊಟ್ಟ ಹನಿಗಳನ್ನು ಹೊತ್ತು ಹೊತ್ತಿಗೆ ಹಾಕಿಸಿಕೊಳ್ಳುತ್ತಿದ್ದೀರಿ ತಾನೆ? ಆಪರೇಶನ್ ಆಗಿ ತಿಂಗಳಾಯಿತೆಂದು ಒಲೆಯ ಹೊಗೆಯಲ್ಲಿ ಹೋಗಿ ಕೂಡಬೇಡಿ, ಬೀಡಿಯನ್ನಂತೂ ಮುಟ್ಟಲೇಬೇಡಿ. ತಂಗಿ ಸುಗ್ರಾ, ಈ ಪತ್ರವನ್ನು ಅಬ್ಬಾಗೆ ಓದಿ ಹೇಳುವವಳು ನೀನೇ ಎಂದು ಗೊತ್ತು. ಅಣ್ಣ ಸಿಟ್ಟಿನಲ್ಲಿ ಬರೆದಿದ್ದಾನೆ ಎಂದು ಒಂದು ಸಾಲನ್ನೂ ನುಂಗಬೇಡ, ಒಂದು ಮಾತನ್ನೂ ಮೆತ್ತಗೆ ಮಾಡಬೇಡ. ನಮ್ಮ ಮನೆಯಲ್ಲಿ ಆ ಚಾಳಿ ಇನ್ನು ಸಾಕು.

ಅಬ್ಬಾ, ನನಗೆ ನಿಮ್ಮ ಮೇಲೆ ವಿಪರೀತ ಸಿಟ್ಟು ಬಂದಿದೆ. 'ಡೋಣಿ ದಂಡೆಯ ಗುಪ್ತನಿಧಿ' ನೆನಪಿದೆಯಲ್ಲ? ಬಾಗೇವಾಡಿಯಲ್ಲಿ ನೀವು ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದಾಗ, ರದ್ದಿಯ ಗಂಟಿನಲ್ಲಿ ಸಿಕ್ಕಿತೆಂದು ನೀಲಿ ಬಟ್ಟೆಯ ರಟ್ಟು ಹಾಕಿ ನನ್ನ ಕೈಗಿಟ್ಟ ಪುಸ್ತಕ. ನನಗಾಗ ಹತ್ತು ವರ್ಷ. ಇಬ್ಬರು ಹುಡುಗರು ತೆಪ್ಪ ಕಟ್ಟಿಕೊಂಡು ಹೊರಡುವುದು, ಗವಿಯಲ್ಲಿ ದೀವಟಿಗೆ ಆರಿಹೋಗುವುದು, ಅವರ ಬೆನ್ನು ಹತ್ತಿದ ಕಳ್ಳರ ಸರದಾರ, ಎಲ್ಲವೂ ಬಾಯಿಪಾಠ. ಅದನ್ನು ಓದಿ ಓದಿಯೇ ಮಾಸ್ತರನಾದೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ಕಳೆದ ವಾರ ನಮ್ಮ ಶಾಲೆಗೆ ಬಂದ ಪುಸ್ತಕಗಳ ಕಟ್ಟಿನಲ್ಲಿ ಅದರ ಹೊಸ ಮುದ್ರಣ ಕಂಡು ಹಿಗ್ಗಿ ಹೀರೇಕಾಯಿಯಾದೆ. ಶನಿವಾರ ಕೊನೆಯ ತಾಸಿನಲ್ಲಿ ಏಳನೆಯ ಇಯತ್ತೆಯ ಮಕ್ಕಳಿಗೆ ಓದಲು ನಿಂತೆ. ಮೊದಲು ಒಮ್ಮೆ ತಿರುವಿಯೂ ನೋಡಲಿಲ್ಲ. ಬಾಯಿಪಾಠವಿದ್ದ ಪುಸ್ತಕದಲ್ಲಿ ನೋಡುವುದೇನಿತ್ತು?

ಮೂರನೆಯ ಅಧ್ಯಾಯದಲ್ಲಿ 'ಸರದಾರ' ಬರಬೇಕಾದಲ್ಲಿ 'ಖಾಸೀಮ' ಎಂದಿತ್ತು. ಓದುವ ಭರದಲ್ಲಿ ಓದಿಬಿಟ್ಟೆ. ಅದರ ಹಿಂದೆಯೇ, 'ಆ ಜಾತಿಯವರನ್ನು ನಂಬಿ ಯಾರು ತಾನೆ ಬದುಕಿದ್ದಾರೆ' ಎಂಬ ಸಾಲನ್ನೂ ಓದಿದೆ. ನನ್ನದೇ ಬಾಯಿಂದ, ಅಬ್ಬಾ, ನಲವತ್ತು ಮಕ್ಕಳ ಮುಂದೆ. ಅದೇ ಇಯತ್ತೆಯಲ್ಲಿರುವ ನಿಮ್ಮ ಮೊಮ್ಮಗಳು ಅಲ್ಮಾಸಳ ಪಕ್ಕದಲ್ಲಿ ಕೂಡುವ ಗೆಳತಿ ವಿದ್ಯಾವತಿ ಎದ್ದು ನಿಂತು, "ಸರ, ಆ ಕಳ್ಳ ನಿಮ್ಮ ಮಂದಿಯಾಂವ ಏನ್ರಿ?" ಎಂದು ಕೇಳಿದಳು. ಆ ಹುಡುಗಿಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ, ರಂಜಾನಿಗೆ ನಮ್ಮ ಮನೆಗೆ ಬಂದು ಸುರಕುಂಬಾ ಕುಡಿದು ಹೋಗುವವಳು. ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿರುವ ನಾನು ಪುಸ್ತಕ ಮುಚ್ಚಿ, ಗಂಟೆ ಹೊಡೆಯುವವರೆಗೆ ಮಗ್ಗಿ ಹೇಳಿಸಿದೆ. ಅಲ್ಮಾಸ ತಲೆ ಎತ್ತಲಿಲ್ಲ.

ಮನೆಗೆ ಬಂದು ಟ್ರಂಕಿನಿಂದ ನಿಮ್ಮ ಪ್ರತಿ ತೆಗೆದು, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಮೊದಲಿಂದ ಓದಿದೆ. ಹೊಸದರಲ್ಲಿ ಖಾಸೀಮ ಬಂದಲ್ಲೆಲ್ಲ ನಿಮ್ಮದರಲ್ಲಿ ಯಾವುದೋ ಹಳೆಯ ಪುಸ್ತಕದಿಂದ ಕತ್ತರಿಸಿ ನೀವು ಅಂಟಿಸಿದ 'ಸರದಾರ' ಎಂಬ ಪುಟ್ಟ ಚೀಟಿ. ಜಾತಿಯ ಸಾಲಿನ ಮೇಲೆ ಹೂಬಳ್ಳಿಯ ಚಿತ್ರ. ಆ ಹೂಬಳ್ಳಿಯನ್ನು ನೋಡಿ ನೋಡಿ ನಾನು ಪಾಟಿಯ ಮೇಲೆ ಬಿಡಿಸುತ್ತಿದ್ದೆ. ಹುಳ ಹತ್ತಬಾರದೆಂದು ಅಂಟಿಗೆ ಮೈಲುತುತ್ತ ಕಲಸುತ್ತಿದ್ದಿರಲ್ಲ, ಇಪ್ಪತ್ತೆಂಟು ವರ್ಷವಾದರೂ ಒಂದು ಚೀಟಿಯೂ ಎದ್ದಿಲ್ಲ. ಅಕ್ಷರ ಯಾಕೆ ಉಬ್ಬಿದೆ ಎಂದು ಆಗ ಕೇಳಿದ್ದಕ್ಕೆ, "ಅಚ್ಚಿನ್ಯಾಗ ಹಂಗ ಬಂದೈತಿ, ನೀ ಮುಂದ ಓದು" ಎಂದಿದ್ದಿರಿ. ನಾನು ಮುಂದೆ ಓದಿದೆ.

ಪ್ರೀತಿಯಿಂದಲೇ ಮಾಡಿದಿರಿ, ಅದು ಗೊತ್ತಿಲ್ಲದಷ್ಟು ದಡ್ಡನಲ್ಲ. ಆದರೆ ಅದರಿಂದ ನನ್ನ ಸಿಟ್ಟು ಇಳಿಯುವುದಿಲ್ಲ. ಹತ್ತು ವರ್ಷದವನಿಂದ ಮುಚ್ಚಿಟ್ಟಿರಿ, ಸರಿ. ಮೀಸೆ ಬಂದ ಮೇಲೆ ಹೇಳಬಹುದಿತ್ತು. ನೌಕರಿ ಸೇರಿದಾಗ ಹೇಳಬಹುದಿತ್ತು. ಒಂದು ದಿನ ಇದನ್ನೇ ಶಾಲೆಯ ಮಕ್ಕಳಿಗೆ ಓದಿ ಹೇಳುತ್ತೇನೆ ಎಂದಾಗಲಾದರೂ ನನ್ನನ್ನು ತಡೆಯಬೇಕಿತ್ತು. ನೀವು ನಕ್ಕು ಸುಮ್ಮನಾದಿರಿ. ಬರೆದವನ ಮೇಲೂ ಮೈಯೆಲ್ಲ ಉರಿಯುತ್ತಿದೆ, ಆದರೆ ಅವನಿಗೆ ಪತ್ರ ಬರೆಯಲು ಅವನು ನನಗೆ ಯಾರು? ಇಷ್ಟೆಲ್ಲ ಆದಮೇಲೂ ಗವಿಯ ಅಧ್ಯಾಯಕ್ಕೆ ಬಂದಾಗ ಎದೆ ಹಳೆಯ ಹಾಗೆಯೇ ಡವಡವ ಎಂದಿತು. ಅದಕ್ಕಾಗಿ ನನ್ನ ಮೇಲೆ ನನಗೇ ಸಿಟ್ಟು.

ನಿಮ್ಮ ಸೊಸೆ ಹಜರಾಬಿ ಸಲಾಂ ಹೇಳಿದ್ದಾಳೆ. ನಾನು ಇಷ್ಟೆಲ್ಲ ಬರೆದದ್ದು ಅವಳಿಗೆ ಗೊತ್ತಿಲ್ಲ, ಗೊತ್ತಾದರೆ ನನ್ನನ್ನೇ ಬೈಯುತ್ತಾಳೆ. ಎಷ್ಟು ಸಿಟ್ಟಿದ್ದರೂ ನಿಮ್ಮ ಕೈಗೆ ಮುತ್ತಿಡದೆ ಪತ್ರ ಮುಗಿಸಲು ನನಗೆ ಬರುವುದಿಲ್ಲ. ಸುಗ್ರಾಳ ಮಕ್ಕಳಿಗೆ ಆಶೀರ್ವಾದ.

ನಿಮ್ಮ ಮಗ,
ಅಬ್ದುಲರಜಾಕ

ತಾ.ಕ.: ಅಲ್ಮಾಸ ಸೋಮವಾರದಿಂದ ಶಾಲೆಗೆ ಹೋಗಿಲ್ಲ. ನನಗೆ ಗೊತ್ತಿರಲಿಲ್ಲ ಎಂದು ನಿಮ್ಮ ಪ್ರತಿಯನ್ನೇ ತೋರಿಸಿದೆ. ಚೀಟಿಗಳ ಮೇಲೆ ಬೆರಳಾಡಿಸಿ, "ಇವನ್ನ ನೀವ ಅಂಟಿಸೀರಿ. ಬಾಯಿಪಾಠ ಐತಿ ಅಂತಿದ್ರಲ್ಲ, ಎಲ್ಲಾ ಗೊತ್ತಿದ್ದೂ ಸಾಲ್ಯಾಗ ಯಾಕ ಓದಿದ್ರಿ?" ಎಂದಳು. ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಈ ಪತ್ರ ತರುವ ಶಂಕರೆಪ್ಪ ಮಾಸ್ತರರು ಶುಕ್ರವಾರ ಮುದ್ದೇಬಿಹಾಳದಿಂದ ಮರಳಿ ಬರುತ್ತಾರೆ, ಅವರ ಜೊತೆಗೆ ಹೊರಟು ಬನ್ನಿ. ಅವಳಿಗೆ ಏನನ್ನೂ ಮುಚ್ಚದೆ ಹೇಳಿ, ಅಬ್ಬಾ. ನಾನು ಸುಳ್ಳು ಹೇಳುತ್ತಿಲ್ಲ ಎಂದು ನನ್ನ ಮಗಳಿಗೆ ಹೇಳಬಲ್ಲವರು ನೀವೊಬ್ಬರೇ.