ತಲೆಯೆತ್ತರದ ಕಲ್ಲನ್ನು ಬೆಂಚು ಮಾಡಿದವರಿಗೆ

ಮಾನ್ಯ ಅಧಿಕಾರಿಗಳೇ,

ದೇರೆಬೈಲಿನ ನಮ್ಮ ಹೊರೆ ಇಳಿಸುವ ಕಲ್ಲನ್ನು ನೀವು ಬೆಂಚು ಮಾಡಿದ್ದೀರಿ. ಎರಡು ಕಂಬಗಳ ಮೇಲೆ ತಲೆಯೆತ್ತರದಲ್ಲಿ ಅಡ್ಡ ಮಲಗಿದ್ದ ಚಪ್ಪಡಿಯನ್ನು ಕೆಳಗಿಳಿಸಿ, ಪಾರ್ಕಿನಲ್ಲಿ ಮೊಣಕಾಲೆತ್ತರದ ಸಿಮೆಂಟು ಕಟ್ಟೆಗೆ ಅಂಟಿಸಿ, ‘ದಾರಿಹೋಕರು ಕುಳಿತು ವಿಶ್ರಮಿಸುತ್ತಿದ್ದ ಪುರಾತನ ಆಸನ’ ಎಂದು ಬೋರ್ಡು ಹಾಕಿಸಿದ್ದೀರಿ. ಆ ಎತ್ತರದಲ್ಲಿ ಕೂರಲು ನಮ್ಮ ಹಿರಿಯರು ಏಣಿ ಹೊತ್ತು ತಿರುಗುತ್ತಿದ್ದರು ಎಂದುಕೊಂಡಿರೋ?

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ನಮ್ಮ ಊರ ಚರಿತ್ರೆ ಬಳಗದಲ್ಲಿ ನನಗೊಂದು ಕೆಲಸವಿದೆ. ನಿವೃತ್ತರಾದ ತಾರಾನಾಥ ಮಾಸ್ಟ್ರು ಭಾನುವಾರಗಳಲ್ಲಿ ಅಳತೆ ಟೇಪು ಹಿಡಿಯುತ್ತಾರೆ, ಕಾಲೇಜಿನ ಹುಡುಗಿ ಅಶ್ಮಿತಾ ಬರೆದುಕೊಳ್ಳುತ್ತಾಳೆ, ಯಾವುದು ಯಾತಕ್ಕಿತ್ತು ಎಂದು ನಾನು ಹೇಳುತ್ತೇನೆ. ರಸ್ತೆ ಅಗಲ ಮಾಡುವಾಗ ಈ ಕಲ್ಲನ್ನು ಇದ್ದ ಹಾಗೆಯೇ ಪಾರ್ಕಿನೊಳಗೆ ನಿಲ್ಲಿಸಿ ಎಂದು ಅರ್ಜಿ ಕೊಟ್ಟವರು ನಾವೇ. ನಾಲ್ಕು ಅಡಿ ಹತ್ತು ಇಂಚು ಎಂದು ಅಳತೆಯನ್ನೂ ಬರೆದಿದ್ದೆವು. ಅಷ್ಟು ದೊಡ್ಡ ಅರ್ಜಿಯಲ್ಲಿ ನೀವು ಓದಿದ್ದು ‘ಕಲ್ಲು’ ಎಂಬ ಒಂದೇ ಶಬ್ದವನ್ನೇ?

ಕೇಳಲು ಕಚೇರಿಗೆ ಬಂದೆವು. ನೀವು ನಕ್ಕಿರಿ.

“ಎಂತ ಅಜ್ಜಿ, ಒಮ್ಮೆ ಕೂತು ನೋಡಿ. ಒಳ್ಳೆ ಆರಾಮ ಉಂಟು.”

“ಕೂರ್ಲಿಕ್ಕೆ ನಮ್ಮ ಮನೆಯಲ್ಲಿ ಮಣೆ ಉಂಟು ಸಾರ್. ಅದು ಹೊರೆ ಇಳಿಸ್ಲಿಕ್ಕೆ ಇದ್ದದ್ದು.”

“ಅದಕ್ಕೆ ದಾಖಲೆ ಎಂತ ಉಂಟು?”

“ನನ್ನ ಕುತ್ತಿಗೆ ಉಂಟು. ಬೇಕಾದ್ರೆ ಜೆರಾಕ್ಸ್ ಮಾಡಿಸಿ.”

“ಮೆಲ್ಲ ಮಾರಾಯ್ರೆ” ಎಂದರು ತಾರಾನಾಥ ಮಾಸ್ಟ್ರು. ಮೆಲ್ಲ ಹೇಳಬೇಕಾದದ್ದನ್ನೆಲ್ಲ ಅರ್ಜಿಯಲ್ಲಿ ಹೇಳಿಯಾಗಿತ್ತು.

ದಾಖಲೆ ಬೇಕಲ್ಲವೇ, ಬರೆದುಕೊಳ್ಳಿ. ನನ್ನ ಅಮ್ಮ ಹರಿವೆ ಸೊಪ್ಪು, ಸೌತೆಕಾಯಿ ತುಂಬಿದ ಬುಟ್ಟಿ ಹೊತ್ತು ಮಂಗಳೂರು ಪೇಟೆಗೆ ನಡೆಯುತ್ತಿದ್ದಳು, ಶಾಲೆ ಬಿಟ್ಟ ಮೇಲೆ ನಾನೂ. ಅಂಥ ಹೊರೆಯನ್ನು ಒಬ್ಬರೇ ನೆಲಕ್ಕೆ ಇಳಿಸಲಾಗದು, ಎದುರಿನಿಂದ ಇನ್ನೊಬ್ಬರ ಕೈ ಬೇಕು. ದಾರಿಯಲ್ಲಿ ಕೈಗಳಿಗೆ ಬರಗಾಲವಿರಲಿಲ್ಲ. ನಮ್ಮ ಬುಟ್ಟಿ ಮುಟ್ಟಿದರೆ ಅವಕ್ಕೆ ಮೈಲಿಗೆಯಾಗುತ್ತಿತ್ತು, ಅಷ್ಟೆ. ನನ್ನ ತಮ್ಮ ಹೊಟ್ಟೆಯಲ್ಲಿದ್ದಾಗಲೂ ಅಮ್ಮ ಯಾರನ್ನೂ ಬೇಡಲಿಲ್ಲ. ಆ ಕಲ್ಲಿನ ಮುಂದೆ ನಿಂತು, ಸ್ವಲ್ಪ ಬಗ್ಗಿ, ಬುಟ್ಟಿಯನ್ನು ಚಪ್ಪಡಿಗೆ ಜಾರಿಸಿ, ತಲೆಯ ಮೇಲಿನ ಬಟ್ಟೆಯ ಸಿಂಬೆ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದಳು. ಮತ್ತೆ ಅದೇ ಎತ್ತರದಿಂದ ತಲೆಗೆ ಎಳೆದುಕೊಂಡು ಹೊರಡುತ್ತಿದ್ದಳು. ಎತ್ತರವೇ ಅದರ ಚರಿತ್ರೆ. ಅದನ್ನು ಕಿತ್ತುಹಾಕಿ, ಉಳಿದದ್ದಕ್ಕೆ ನೀವು ‘ಸಂರಕ್ಷಣೆ’ ಎನ್ನುತ್ತೀರಿ. ನಾಳೆ ಆ ಬೋರ್ಡು ಓದುವ ಮಕ್ಕಳ ಲೆಕ್ಕದಲ್ಲಿ ನನ್ನ ಅಮ್ಮ ಗಾಳಿಗೆ ಕೂತು ಹರಟುತ್ತಿದ್ದವಳು.

ಕಂಬಗಳೆರಡೂ ಇನ್ನೂ ರಸ್ತೆಬದಿಯಲ್ಲಿ ಬಿದ್ದಿವೆ. ಮುಂದಿನ ವಾರ ಚರಂಡಿಗೆ ಹಾಸುತ್ತಾರಂತೆ. ಪಾರ್ಕಿನ ಉದ್ಘಾಟನೆ ಇದೇ ಹದಿನೆಂಟಕ್ಕೆ. ನನಗೆ ಶಾಲು ಹೊದಿಸುತ್ತೀರೆಂದೂ ಕೇಳಿದೆ. ಶಾಲು ಬೇಡ. ಅಷ್ಟರೊಳಗೆ ಕಂಬ ನೆಟ್ಟು, ಚಪ್ಪಡಿಯನ್ನು ಅದರ ಎತ್ತರಕ್ಕೇರಿಸಿ, ಬೋರ್ಡು ಬದಲಿಸಿ. ಆ ದಿನ ನಾನು ತುಂಬಿದ ಬುಟ್ಟಿ ಹೊತ್ತುಕೊಂಡೇ ಬರುತ್ತೇನೆ. ಕಲ್ಲು ನಿಂತಿದ್ದರೆ ನಾನೇ ಇಳಿಸಿಕೊಳ್ಳುತ್ತೇನೆ. ಇಲ್ಲವಾದರೆ, ವೇದಿಕೆಯಿಂದ ಕೆಳಗೆ ಬಂದು ಎಲ್ಲರೆದುರು ಅದನ್ನು ಇಳಿಸಬೇಕಾದವರು ನೀವು.

ಇಂತಿ,
ಈ ವಯಸ್ಸಿನಲ್ಲೂ ಸುಮ್ಮನಿರಲು ಕಲಿಯದ
ಅಕ್ಕು, ದೇರೆಬೈಲ್