ಎತ್ತಿದ ಕೈ

ಫೋರ್ತುನಾತೋ,

ನೀನು ಮಣ್ಣು ಸೇರಿದ ಮೇಲೆ ಎರಡು ಸಲ ಆಲೂಗಡ್ಡೆ ಕಿತ್ತಾಯಿತು. ಈ ಕಾಗದ ನಿನಗೆ ಮುಟ್ಟುವುದಿಲ್ಲ, ಗೊತ್ತು. ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇವತ್ತು ನಮ್ಮ ಮೊಮ್ಮಗಳು ನೆಲಿದಾ ತಾನು ಓದಿದ ಹೈಸ್ಕೂಲಿನಲ್ಲಿ ಮಾತಾಡಿದಳು. ಕಾಲೇಜು ಸೇರಿದವರು ಹದಿನೈದು ವರ್ಷದವರಾಗಿದ್ದಾಗಿನ ತಮಗೇ ಬುದ್ಧಿ ಹೇಳಬೇಕಂತೆ. ಉಳಿದವರು ಬೇಗ ಮಲಗು, ಪ್ರೀತಿಗೀತಿ ಬೇಡ ಎಂದರು.

ಇವಳು, "ಕ್ಲಾಸಲ್ಲಿ ಅರ್ಥ ಆಗ್ದಿದ್ರೂ ತಲೆ ಆಡಿಸ್ತಿದ್ದೆ, ನನ್ನ ಸ್ಪ್ಯಾನಿಷ್ ಕೇಳಿ ನಗ್ತಾರೆ ಅಂತ. ಕೈ ಎತ್ತೇ ಹುಡ್ಗಿ, ನಮ್ಮ ಮನೆಮಾತು ಕೆಚುವಾದಲ್ಲೇ ಕೇಳು ಅಂತ ಆಗಿನ ನನಗೆ ಹೇಳ್ತೀನಿ" ಎಂದಳು.

ತಲೆ ಆಡಿಸುವುದನ್ನು ಅವಳಿಗೆ ಕಲಿಸಿದವನು ನೀನು. ಪಕ್ಕದಲ್ಲಿದ್ದರೆ ನಿನ್ನನ್ನು ತಿವಿಯುತ್ತಿದ್ದೆ. ಪಕ್ಕದ ಕುರ್ಚಿ ಖಾಲಿ ಇತ್ತು.

ಮುಂದಿನ ಸಾಲಿನ ಪೋರಿಯೊಬ್ಬಳು ಕೈ ಎತ್ತಿ, ಕೆಚುವಾದಲ್ಲೇ ಒಂದು ಲೆಕ್ಕ ಕೇಳಿದಳು. ನೆಲಿದಾ ಅದೇ ಭಾಷೆಯಲ್ಲಿ ಬಿಡಿಸಿ ಹೇಳಿದಳು. ಆಮೇಲೆ ನೋಡು, ಎಲ್ಲೆಲ್ಲೂ ಕೈಗಳು!

ನಾನೂ ಎತ್ತಿದೆ. ಮೂರನೇ ಕ್ಲಾಸಿನಲ್ಲಿ ಕೆಚುವಾ ಮಾತಾಡಿದೆನೆಂದು ಮೇಷ್ಟ್ರು ಬೆತ್ತದಿಂದ ಹೊಡೆದು ಇಳಿಸಿದ್ದರಲ್ಲ, ಅದೇ ಕೈ.

"ಏನಜ್ಜಿ?"

"ಆ ಲೆಕ್ಕ ನಂಗೂ ಅರ್ಥ ಆಗ್ಲಿಲ್ಲ ಕಣೇ. ಇನ್ನೊಂದ್ಸಲ ಹೇಳು."

ಇಡೀ ಶಾಲೆ ನಕ್ಕಿತು. ನಗಲಿ. ಅವಳು ಪೂರ್ತಿ ಹೇಳಿ ಮುಗಿಸುವವರೆಗೂ ನಾನು ಕೈ ಇಳಿಸಲಿಲ್ಲ.

ನಿನ್ನ ಎಪಿಫಾನಿಯಾ