ಬಾಯ್ಲರ್‌ನಿಂದ ತೆಗೆದೆಸೆದ ಪಟ್ಟಿಗಳು

ಬಶೀರಣ್ಣ,

ನನಗೆ ಬಾಯ್ಲರ್ ಕೆಲಸ ಕಲಿಸಿದ ಗುರು ನೀವು. ನೀವಿದ್ದಾಗ ಹೇಳಲಾಗದ್ದನ್ನು ಈಗ ಕಾಗದದ ಮೇಲೆ ಹೇಳಲು ಕೂತಿದ್ದೇನೆ ನೋಡಿ, ನನ್ನಂಥ ಪುಕ್ಕಲ ಇನ್ನೊಬ್ಬನಿಲ್ಲ.

ಹೋದ ವರ್ಷ ಮಳವಳ್ಳಿಯ ಆ ರೈಸ್ ಮಿಲ್ಲಿನಲ್ಲಿ ಬಾಯ್ಲರ್ ಶುಚಿ ಮಾಡಿದ ದಿನ ನೆನಪಿದೆಯಾ? ನಿಮಗೆ ಮಂಡಿನೋವು, ಹೊರಗೆ ಕಲ್ಲಿನ ಮೇಲೆ ಕೂತಿದ್ದಿರಿ. ಹೊಗೆ ಹಾಯುವ ಕೊಳವೆಗಳಿಂದ ತಿರುಚಿದ ತಗಡಿನ ಪಟ್ಟಿಗಳನ್ನು ನಾನು ಎಳೆದು ಹಾಕಿದೆ. ಮಸಿ ಹಿಡಿದಿದ್ದವು, ವಾಪಸ್ ತೂರಿಸಹೋದರೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದ್ದವು. ಹೊಗೆ ನೆಟ್ಟಗೆ ಹೋದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡು ಗುಜರಿ ರಾಶಿಗೆ ಎಸೆದೆ. “ಪಟ್ಟಿ ಎಲ್ಲಾ ವಾಪಸ್ ಸೇರಿಸ್ದೇನ್ಲಾ?” ಅಂತ ಕೇಳಿದಿರಿ. ಹೂಂ ಅಂದೆ.

ಆಮೇಲೆ ಎಷ್ಟು ಹೊಟ್ಟು ಸುರಿದು ಉರಿಸಿದರೂ ಉಗಿ ಏರಲಿಲ್ಲ. ಕುಸುಬಲಕ್ಕಿಗೆಂದು ಉಗಿಯಲ್ಲಿ ಬೇಯಿಸುವ ಭತ್ತ ಅರೆಬೆಂದು ಹೊರಬಂತು. ನೀವು ಒಲೆ ನೋಡಿದಿರಿ, ನೀರು ನೋಡಿದಿರಿ, ವಾಲ್ವು ಬಿಚ್ಚಿದಿರಿ. ಕೊಳವೆಗಳನ್ನು ಮಾತ್ರ ನೋಡಲಿಲ್ಲ, ನಾನು ಹೂಂ ಅಂದಿದ್ದೆನಲ್ಲ. ಕೆಲಸದವರೆಲ್ಲರ ಎದುರು ಮಾಲೀಕರು “ನಿಮ್ಗೆ ವಯಸ್ಸಾಯ್ತು ಸಾಬ್ರೇ, ಇನ್ ಬರ್ಬೇಡಿ” ಅಂದಾಗ ನಾನು ಪಕ್ಕದಲ್ಲೇ ಇದ್ದೆ. ಅನುಮಾನ ಆಗಲೇ ಬಂದಿತ್ತು ಬಶೀರಣ್ಣ. ಬಾಯಿ ಬಿಡಬೇಕಿತ್ತು. ಆದರೆ...

ಹೋದ ತಿಂಗಳು ಮದ್ದೂರಿನಲ್ಲಿ ಹೊಸ ಬಾಯ್ಲರ್ ಕೂರಿಸಲು ಬಂದಿದ್ದ ಎಂಜಿನಿಯರಮ್ಮ ಅಂಥದೇ ಪಟ್ಟಿ ಹಿಡಿದು ವಿವರಿಸಿದರು. ಹೊಗೆ ನೆಟ್ಟಗೆ ಹರಿದರೆ ಕೊಳವೆಯ ಗೋಡೆಗೆ ತಾಗಿದ್ದು ತಣ್ಣಗಾಗಿ, ಕಂಬಳಿ ಹೊದಿಸಿದ ಹಾಗೆ ಅಲ್ಲೇ ಕೂತುಬಿಡುತ್ತದಂತೆ. ನಡುವಿನ ಬಿಸಿ ಹೊಗೆ ಯಾರಿಗೂ ದಕ್ಕದೆ ಚಿಮಣಿಗೆ ಹೋಗುತ್ತದೆ. ಪಟ್ಟಿಯಿದ್ದರೆ ಹೊಗೆ ಸುಳಿಸುಳಿಯಾಗಿ ತಿರುಗುತ್ತ ಆ ತಣ್ಣನೆಯ ಪದರವನ್ನು ಕಲಕಿ, ಬಿಸಿಯನ್ನು ಗೋಡೆಗೆ, ಗೋಡೆಯಾಚೆಯ ನೀರಿಗೆ ಮುಟ್ಟಿಸುತ್ತದೆ. ನಿಮಗೆ ಇದು ಯಾರೂ ಹೇಳದೆಯೇ ಗೊತ್ತಿತ್ತಲ್ಲವೇ?

ಮರುದಿನವೇ ಮಳವಳ್ಳಿಗೆ ಹೋಗಿ, ಅದೇ ಕೆಲಸದವರೆದುರು ಮಾಲೀಕರಿಗೆ ತಪ್ಪು ನನ್ನದು ಎಂದೆ. ಇಷ್ಟು ದಿನ ಭತ್ತವನ್ನು ಎರಡೆರಡು ಸಲ ಬೇಯಿಸಿ ಹೇಗೋ ದೂಡುತ್ತಿದ್ದರಂತೆ. ಹೊಸ ಪಟ್ಟಿ ತೂರಿಸಿದೆ. ಉಗಿ ಏರಿತು. ಮಾಲೀಕರು ಉಗಿ ಅಳೆಯುವ ಮೀಟರಿನ ಮುಳ್ಳು ನೋಡುತ್ತ ನಿಂತರು, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿನ್ನೆ ನಿಮ್ಮ ಮನೆಗೂ ಹೋದೆ. ನಿಮ್ಮ ಹೆಂಡತಿ ಫಾತಿಮಕ್ಕ ಎಲ್ಲವನ್ನೂ ಕೇಳಿಸಿಕೊಂಡರು. “‘ನಾನೇನ್ ತಪ್ ಮಾಡ್ದೆ’ ಅಂತ ಸಾಯೋಗಂಟ ಅವ್ರು ನನ್ನೇ ಕೇಳೋರು ಕಣಪ್ಪ” ಅಂದು ಒಳಗೆ ಹೋದವರು ಮತ್ತೆ ಹೊರಬರಲಿಲ್ಲ. ನಿಮ್ಮ ಮನೆಯಿಂದ ಟೀ ಕುಡಿಯದೆ ಎದ್ದು ಬಂದದ್ದು ಇದೇ ಮೊದಲು.

ನೀವು ಏನೂ ತಪ್ಪು ಮಾಡಿರಲಿಲ್ಲ ಬಶೀರಣ್ಣ. ಶುಕ್ರವಾರ ಮತ್ತೆ ಹೋಗುತ್ತೇನೆ, ಅಕ್ಕ ಬಾಗಿಲು ತೆಗೆಯದಿದ್ದರೂ.

ನಿಮ್ಮ
ಸಿದ್ದರಾಜು